ಥರ್ಡ್ ಪಾರ್ಟಿ

ನನ್ನ ಗೆಳೆಯರ ಬಳಗದಲ್ಲಿ ಯಾರಾದರೂ ಕಾರು ತಗೋಬೇಕು ಅಂದರೆ ಮೊದಲ ಫೋನು ನನಗೇ ಬರುತ್ತದೆ. ಶೋರೂಮಿಗೆ ಹೋಗುವ ಮುಂಚೆ ಒಂದು ಸಲ, ಟೆಸ್ಟ್ ಡ್ರೈವ್ ಆದ ಮೇಲೆ ಒಂದು ಸಲ, ಅಡ್ವಾನ್ಸ್ ಕೊಟ್ಟ ರಾತ್ರಿ ‘ತಪ್ಪು ಮಾಡಿಬಿಟ್ನಾ ಮಗಾ’ ಅಂತ ಇನ್ನೊಂದು ಸಲ. ನನಗೂ ಇದೆಲ್ಲ ಖುಷಿಯೇ. ಹತ್ತು ವರ್ಷದಿಂದ ನನ್ನ ಅಭಿಪ್ರಾಯಗಳು ಹೆಚ್ಚೇನೂ ಬದಲಾಗಿಲ್ಲ. ಸನ್‌ರೂಫ್ ದಂಡ, ಆ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸು. ಘಾಟಿ ಇಳಿಯುವಾಗ ಬ್ರೇಕ್ ತುಳಿದುಕೊಂಡೇ ಇರಬೇಡ, ಗೇರ್ ಇಳಿಸು. ಸಿಟಿಗೆ ಆಟೊಮ್ಯಾಟಿಕ್ ಸರಿ, ಆದರೆ ಮ್ಯಾನ್ಯುಯಲ್ ಓಡಿಸದವನು ಕಾರು ಓಡಿಸಿದ ಹಾಗಲ್ಲ. ಕೊನೆಯ ಮಾತಿಗೆ ಜಗಳಕ್ಕೆ ಬರ್ತಾರೆ, ಗೊತ್ತು. ಆದ್ರೂ ಬಿಡಲ್ಲ.

ಕಳೆದ ತಿಂಗಳು ಗೆಳೆಯನೊಬ್ಬ ಇನ್ಶೂರೆನ್ಸ್ ರಿನ್ಯೂವಲ್ ಕಾಗದವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಫೋನ್ ಮಾಡಿದ. ‘ಝೀರೋ ಡೆಪ್, ಎಂಜಿನ್ ಪ್ರೊಟೆಕ್ಷನ್, ಅದು ಇದು ಅಂತ ಉದ್ದ ಪಟ್ಟಿ ಇದೆ. ಕಾರು ಹಳೇದಾಯ್ತು, ಲೋನೂ ತೀರಿದೆ. ಇದರಲ್ಲಿ ಏನೇನು ಬಿಡಬಹುದು?’

‘ಕಾನೂನಿನ ಪ್ರಕಾರ ನೋಡಿದ್ರೆ ನಿನ್ನ ಕಾರಿನ ಡ್ಯಾಮೇಜಿಗೆ ಸಂಬಂಧಪಟ್ಟಿದ್ದೆಲ್ಲಾ ಬಿಡಬಹುದು’ ಅಂದೆ. ‘ಕಾರು ಸುಟ್ಟು ಹೋದರೂ, ಕಳುವಾದರೂ ಅದು ನಿನ್ನ ತಲೆನೋವು. ಥರ್ಡ್ ಪಾರ್ಟಿ ಮಾತ್ರ ಬಿಡೋ ಹಾಗಿಲ್ಲ.’

‘ಥರ್ಡ್ ಪಾರ್ಟಿ ಅಂದ್ರೆ ನಿಜವಾಗ್ಲೂ ಯಾರು?’

‘ನೀನು ಫಸ್ಟ್ ಪಾರ್ಟಿ. ಇನ್ಶೂರೆನ್ಸ್ ಕಂಪನಿ ಸೆಕೆಂಡ್. ನಿನ್ನ ಕಾರಿಂದ ಯಾರಿಗೆ ಪೆಟ್ಟಾಗುತ್ತೋ ಅವರು ಥರ್ಡ್.’

‘ಅಂದ್ರೆ ಯಾರೋ ಗೊತ್ತಿಲ್ಲದವರು.’

‘ಹೂಂ. ಯಾರೋ ಗೊತ್ತಿಲ್ಲದವರು.’

ಫೋನ್ ಇಟ್ಟ ಮೇಲೂ ಆ ಮಾತು ತಲೆಯಲ್ಲೇ ಉಳಿಯಿತು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಹೇಳುವುದು ಇಷ್ಟೇ: ಗೊತ್ತಿಲ್ಲದವರ ಹೊಣೆ ಹೊರದೆ ಸಾರ್ವಜನಿಕ ರಸ್ತೆಗೆ ಗಾಡಿ ಇಳಿಸಬೇಡ. ಜನ ಎರಡನೇ ವರ್ಷದಿಂದ ಕಟ್ಟುವುದನ್ನೇ ನಿಲ್ಲಿಸುತ್ತಾರೆ ಅಂತ, ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ, 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಇನ್ನೊಬ್ಬರ ಗೋಡೆಗೋ ಗಾಡಿಗೋ ಆದ ನಷ್ಟಕ್ಕೆ ₹7.5 ಲಕ್ಷದ ಮಿತಿ ಇದೆ. ಪ್ರಾಣಕ್ಕೆ, ಗಾಯಕ್ಕೆ ಆ ಥರದ ಮಿತಿ ಇಲ್ಲ. 1000ದಿಂದ 1500 ಸಿಸಿ ಒಳಗಿನ ನನ್ನಂಥ ಕಾರಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ ₹3,416, ಜಿಎಸ್‌ಟಿ ಬೇರೆ. ನಾನಂತೂ ಒಂದು ವರ್ಷವೂ ತಪ್ಪಿಸಿಲ್ಲ. ಹಾಗಾಗಿ ಗೊತ್ತಿಲ್ಲದವರ ವಿಷಯದಲ್ಲಿ ನನ್ನ ಲೆಕ್ಕ ಚುಕ್ತಾ ಅಂದುಕೊಂಡಿದ್ದೆ.

ಈಗ ಎರಡು ವರ್ಷದ ಹಿಂದಿನ ಒಂದು ಸಂಗತಿ ಹೇಳಬೇಕು. ಕನಕಪುರ ರಸ್ತೆ, ಸಂಜೆ, ಜಿಟಿಜಿಟಿ ಮಳೆ. ಕಾರು ತಗೊಂಡು ನಾಲ್ಕು ತಿಂಗಳಾಗಿತ್ತು. ಪಕ್ಕದ ಅಡ್ಡರಸ್ತೆಯಿಂದ ಹನ್ನೆರಡು ಹದಿಮೂರು ವರ್ಷದ ಹುಡುಗ ಸೈಕಲ್‌ನಲ್ಲಿ ಸರ್ರನೆ ಬಂದ. ಬ್ರೇಕ್ ಒತ್ತಿದೆ. ಕಾಲಡಿ ಎಬಿಎಸ್ ಗಡಗಡ ಅಂದಿತು, ಕಾರು ನಿಂತಿತು. ಆದರೂ ಸೈಕಲ್‌ನ ಮುಂಚಕ್ರ ಬಂಪರಿಗೆ ತಾಗಿತು, ಹುಡುಗ ಪಕ್ಕಕ್ಕೆ ಬಿದ್ದ.

ನಾನು ಇಳಿದೆ. ಇಳಿದವನು ಮೊದಲು ನೋಡಿದ್ದು ಬಂಪರನ್ನು.

ಬಗ್ಗಿ, ಹೆಬ್ಬೆರಳಲ್ಲಿ ಒರೆಸಿ, ಗೀರೋ ಬರೀ ಕೆಸರೋ ಅಂತ ಪರೀಕ್ಷೆ ಮಾಡಿದೆ. ಕೆಸರು. ಆಮೇಲೆ ತಲೆ ಎತ್ತಿದರೆ ಹುಡುಗ ಎದ್ದು ನಿಂತಿದ್ದ, ಅವನ ಮೊಣಕೈ ತರಚಿತ್ತು. ಅವನೂ ಬಂಪರನ್ನೇ ನೋಡುತ್ತಿದ್ದ. ‘ಸಾರಿ ಅಂಕಲ್, ಏನೂ ಆಗಿಲ್ಲ ಅಲ್ವಾ?’ ಅಂದ. ಕಾರಿಗೆ ಏನೂ ಆಗಿಲ್ಲ ಅಲ್ವಾ ಅಂತ. ‘ನೋಡ್ಕೊಂಡು ಬರೋಕಾಗಲ್ವಾ’ ಅಂತ ಗದರಿ ನಾನು ಹೊರಟೆ. ಕೆಸರು ತಾಗಿದ್ದು ನಂಬರ್ ಪ್ಲೇಟಿನ ಎಡಕ್ಕೆ ಅಂತ ಇವತ್ತಿಗೂ ನೆನಪಿದೆ. ಅವನ ಯಾವ ಮೊಣಕೈ ತರಚಿತ್ತು ಅಂತ ನೆನಪಿಲ್ಲ. ಎಬಿಎಸ್ ಎಷ್ಟು ಮುಖ್ಯ ಅಂತ ಜನರಿಗೆ ವಿವರಿಸುವಾಗೆಲ್ಲ ಈ ಕಥೆ ಹೇಳುತ್ತೇನೆ. ಬಂಪರ್ ಭಾಗ ಬಿಟ್ಟು.

ನಾನು ಕೆಟ್ಟವನು ಅಂತ ಒಪ್ಪಿಸೋಕೆ ಇದನ್ನು ಬರೆಯುತ್ತಿಲ್ಲ. ಅದೇ ಸಂಜೆ ನಡೆದುಕೊಂಡು ಹೋಗುತ್ತಿದ್ದು, ಎದುರಿಗೆ ಒಬ್ಬ ಹುಡುಗ ಬಿದ್ದಿದ್ದರೆ, ಓಡಿಹೋಗಿ ಎತ್ತುತ್ತಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಹಾಗಾದರೆ ಕಾರು ನನ್ನೊಳಗೆ ಏನನ್ನು ಬದಲಾಯಿಸಿತು?

ಕಾರಿನ ಬಗ್ಗೆ ನಾವು ಆಡುವ ಒಳ್ಳೆಯ ಮಾತುಗಳೆಲ್ಲ ಒಳಗಿನವರ ಬಗ್ಗೆ. ‘ಸೇಫ್ ಕಾರ್ ತಗೋ’ ಅಂತ ನಾನೇ ನೂರು ಸಲ ಹೇಳಿದ್ದೇನೆ. ಆದರೆ 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಕೊಡುವ ನಕ್ಷತ್ರ ಎರಡು ಬಗೆ: ವಯಸ್ಕರಿಗೆ ಒಂದು, ಮಕ್ಕಳಿಗೆ ಒಂದು. ಎರಡೂ ಕಾರಿನ ಒಳಗೆ ಕೂತವರಿಗೆ. ಹೊರಗಿದ್ದ ಸೈಕಲ್ ಹುಡುಗನಿಗೆ ಅದರಲ್ಲಿ ನಕ್ಷತ್ರವಿಲ್ಲ. ಅವನ ಪಾಲಿಗೆ ಕಾರು ಎಷ್ಟು ಸೇಫ್ ಅನ್ನುವುದು ಹೆಚ್ಚಾಗಿ ನನ್ನ ಬಲಗಾಲಿನ ಮೇಲೆ ನಿಂತಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬೆಚ್ಚಿಬಿದ್ದು ಬ್ರೇಕ್ ಮೇಲೆ ಕಾಲಿಡುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಅಷ್ಟೂ ದೂರ ಲೆಕ್ಕಕ್ಕೇ ಇಲ್ಲ. 30ರಲ್ಲಿ ಇರುವುದಕ್ಕಿಂತ 60ರಲ್ಲಿ ಡಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗದ ಮಜಾ ಪೂರ್ತಿ ನನ್ನದು, ಅದರ ಅಪಾಯ ಹೆಚ್ಚುಪಾಲು ಅವನದು.

‘ಸರಿಯಪ್ಪಾ, ಆದರೆ ತಪ್ಪು ಅವನದ್ದೇ ತಾನೇ? ಅಡ್ಡ ಬಂದವನು ಅವನು’ ಅಂತ ನೀವು ಕೇಳಬಹುದು. ನಾನೂ ಎರಡು ವರ್ಷ ಇದನ್ನೇ ಹೇಳಿಕೊಂಡೆ. ತಪ್ಪು ಅವನದ್ದೇ. ಆದರೆ ರಸ್ತೆಯ ಮೇಲೆ ತಪ್ಪು ಯಾರದ್ದು ಅನ್ನುವುದೊಂದೇ ಪ್ರಶ್ನೆಯಲ್ಲ. ಇದು ನನಗೆ ಗೊತ್ತಾಗಿದ್ದು ಘಾಟಿಯಲ್ಲಿ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಎಷ್ಟು ಸಲ ಹತ್ತಿಳಿದಿದ್ದೇನೋ ಲೆಕ್ಕವಿಲ್ಲ. ಘಾಟಿಯಲ್ಲಿ ಒಂದು ನಿಯಮ ಇದೆ. ಇಕ್ಕಟ್ಟಿನ ಜಾಗದಲ್ಲಿ ಎರಡು ಗಾಡಿ ಎದುರಾದರೆ ಇಳಿಯುವವನು ನಿಲ್ಲಬೇಕು, ಹತ್ತುವವನಿಗೆ ದಾರಿ ಬಿಡಬೇಕು. ಇದು ಕಾನೂನಿನಲ್ಲೂ ಇದೆ, ಹಳೇ ಡ್ರೈವರ್‌ಗಳ ಬಾಯಲ್ಲೂ ಇದೆ. ಹತ್ತುವವನು ಒಳ್ಳೆಯವನು, ಇಳಿಯುವವನು ಕೆಟ್ಟವನು ಅಂತ ಯಾರೂ ವಿಚಾರಣೆ ಮಾಡಲ್ಲ. ಏರಿನಲ್ಲಿ ನಿಂತ ಲೋಡ್ ಗಾಡಿ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಭಯ. ಇಳಿಯುವವನಿಗೆ ನಿಲ್ಲುವುದೂ ಹೊರಡುವುದೂ ಸುಲಭ. ಯಾರಿಗೆ ಸುಲಭವೋ ಅವರು ನಿಲ್ಲಲಿ, ಅಷ್ಟೇ ತರ್ಕ. ಘಾಟಿಯಲ್ಲಿ ಇದನ್ನು ಹೆಮ್ಮೆಯಿಂದ ಪಾಲಿಸುತ್ತೇನೆ, ಪಾಲಿಸದವರನ್ನು ಬೈಯುತ್ತೇನೆ.

ಬೆಂಗಳೂರಿನ ಸಪಾಟು ರಸ್ತೆಗೆ ಬಂದ ಕೂಡಲೇ ಮರೆಯುತ್ತೇನೆ. ಇಲ್ಲೂ ಹತ್ತುವವರು, ಇಳಿಯುವವರು ಇದ್ದಾರೆ. ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದ ಅಜ್ಜಿ ಸ್ಕೈವಾಕ್‌ನ ಮೆಟ್ಟಿಲು ಹತ್ತಿ ಇಳಿಯಬೇಕು, ನನ್ನ ಪಾದ ಆಕ್ಸಿಲರೇಟರ್‌ನಿಂದ ಬ್ರೇಕಿಗೆ ನಾಲ್ಕಿಂಚು ಸರಿಯದಿರಲಿ ಅಂತ. ಫುಟ್‌ಪಾತಿನ ಮೇಲೆ ಎರಡು ಚಕ್ರ ಹತ್ತಿಸಿ ನಿಲ್ಲಿಸಿದರೆ ನನ್ನ ಕಾರಿನ ಕನ್ನಡಿ ಉಳಿಯುತ್ತದೆ, ಮಗುವನ್ನು ಎತ್ತಿಕೊಂಡ ತಾಯಿ ರಸ್ತೆಗೆ ಇಳಿಯುತ್ತಾಳೆ. ಇದನ್ನೆಲ್ಲ ನಾನೂ ಮಾಡಿದ್ದೇನೆ. ಪ್ರತಿ ಸಲವೂ ಇನ್ಶೂರೆನ್ಸ್ ಚಾಲ್ತಿಯಲ್ಲೇ ಇತ್ತು.

ಕಾರು ಮಾರುತ್ತೀನಿ ಅಂತ ಹೇಳುತ್ತಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು, ಖಾಲಿ ರಸ್ತೆಯಲ್ಲಿ ಥರ್ಡ್ ಗೇರಿಗೆ ಇಳಿಸಿ ಎಂಜಿನ್ ಸದ್ದು ಕೇಳುವ ಸುಖ ನನಗಿನ್ನೂ ಬೇಕು. ಆದರೆ ‘ಚೆನ್ನಾಗಿ ಓಡಿಸ್ತಾನೆ’ ಅನ್ನುವ ಮಾತಿನ ಅರ್ಥ ಸ್ವಲ್ಪ ಬದಲಾಗಿದೆ. ಮೊದಲು ಅದು ಸ್ಟೀರಿಂಗ್, ಕ್ಲಚ್, ತಿರುವಿಗೆ ಸಂಬಂಧಿಸಿದ್ದಾಗಿತ್ತು. ಈಗ ಅಡ್ಡರಸ್ತೆ ಕಂಡರೆ ಕಾಲು ಎತ್ತುತ್ತೇನೆ, ಮಳೆಯಲ್ಲಿ ಗುಂಡಿ ನೀರು ಕಂಡರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುತ್ತೇನೆ. ದೊಡ್ಡ ಸಾಧನೆಯೇನಲ್ಲ. ಹಾಗೆ ಮಾಡಿದಾಗ ಯಾರಿಗೂ ಗೊತ್ತೂ ಆಗಲ್ಲ.

ಮೊನ್ನೆ ಆಫೀಸಿನ ಹತ್ತಿರದ ಜೀಬ್ರಾ ಕ್ರಾಸಿಂಗ್‌ನಲ್ಲಿ ನಿಂತೆ. ಹಿಂದಿನವನು ಹಾರ್ನ್ ಬಾರಿಸಿದ. ಒಬ್ಬರು ಹಿರಿಯರು ದಾಟತೊಡಗಿದರು, ನನ್ನ ಕಡೆಗೆ ಅಂಗೈ ಚಾಚಿಕೊಂಡು. ನಾವೆಲ್ಲ ರಸ್ತೆ ದಾಟುವಾಗ ಮಾಡುತ್ತೇವಲ್ಲ, ಹಾಗೆ. ನಾನು ಪೂರ್ತಿ ನಿಂತಿದ್ದೆ, ಗೇರ್ ನ್ಯೂಟ್ರಲ್‌ನಲ್ಲಿತ್ತು, ‘ಹೋಗಿ ಸಾರ್’ ಅಂತ ಸನ್ನೆಯನ್ನೂ ಮಾಡಿದೆ. ಅವರು ನಂಬಲಿಲ್ಲ. ಆಚೆ ಫುಟ್‌ಪಾತ್ ಮುಟ್ಟುವವರೆಗೂ ಆ ಕೈ ಇಳಿಯಲೇ ಇಲ್ಲ.