ಕಂಡವರ ಮಕ್ಕಳು

ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕ ಸದಸ್ಯರಾಗಲು ಡಿಗ್ರಿ ಬೇಕಿಲ್ಲ, ಪಹಣಿ ಬೇಕಿಲ್ಲ. ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ಆಯಿತು. ಆಯ್ಕೆಯಾದರೆ ಸಂಬಳವೂ ಇಲ್ಲ. ಆದರೂ ಎಷ್ಟೋ ಊರುಗಳಲ್ಲಿ ಈ ಸಮಿತಿಯ ಆಯ್ಕೆ ಬಂತೆಂದರೆ ಪಂಚಾಯ್ತಿ ಚುನಾವಣೆಯ ಕಾವೇ ಏರುತ್ತದೆ. ಅರಳಿಕಟ್ಟೆಯ ಮೇಲೆ ಪಕ್ಷದ ಲೆಕ್ಕ, ಜಾತಿಯ ಲೆಕ್ಕ, ‘ಹೋದ ಸಲ ನಿಮ್ಮೋರು, ಈ ಸಲ ನಮ್ಮೋರು’ ಎಂಬ ಚೌಕಾಸಿ. ಇನ್ನು ಕೆಲವು ಊರುಗಳಲ್ಲಿ ಇದರ ತದ್ವಿರುದ್ಧ. ಯಾರೂ ಮುಂದೆ ಬಾರದೆ, ಮುಖ್ಯ ಶಿಕ್ಷಕರೇ ಕೂಲಿಗೆ ಹೊರಟವರನ್ನು ದಾರಿಯಲ್ಲಿ ತಡೆದು ಹೆಸರು ಬರೆದುಕೊಳ್ಳುತ್ತಾರೆ. ಜಿದ್ದಿನಿಂದ ಕೂತರೂ ದಾಕ್ಷಿಣ್ಯಕ್ಕೆ ಕೂತರೂ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ: ಈ ಕುರ್ಚಿ ಯಾರ ಮಗುವಿಗಾಗಿ?

ಕಾನೂನು ತನ್ನ ಉತ್ತರವನ್ನು ಬರೆದಿಟ್ಟಿದೆ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿ ಹುಟ್ಟಿದವು. ಆಮೇಲೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ 21ನೇ ಕಲಮಿನ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ತಂದೆತಾಯಿಯರು ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಎಲ್ಲಿ ಹೋಯಿತೆಂದು ಕೇಳುವುದು ಇವರ ಕೆಲಸ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವಲ್ಲ, ಕಾನೂನು ಆ ಮುದ್ದನ್ನೇ ನಂಬಿಕೊಂಡಿದೆ. ತನ್ನ ಮಗು ಕುಡಿಯುವ ನೀರಿನ ತೊಟ್ಟಿಯೊಳಗೆ ತಾಯಿ ಒಮ್ಮೆಯಾದರೂ ಇಣುಕಿ ನೋಡುತ್ತಾಳೆ ಎಂಬುದು ಅದರ ಭರವಸೆ.

ಈ ಭರವಸೆಯಲ್ಲಿ ಹುರುಳಿದೆ. ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ, ಸರ್ಕಾರದ ಖಜಾನೆಯಿಂದ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ನೋಡಿಕೊಳ್ಳಿ ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತ್ತು. ಅದರ ಹಿಂದಿದ್ದ ತರ್ಕವೂ ಇದೇ: ಸೋರುವ ಮಾಡಿನ ಕೆಳಗೆ ಸಾಹೇಬರ ಮಗ ಕೂತರೆ ಹೆಂಚು ಬೇಗ ಬದಲಾಗುತ್ತದೆ. ನಮ್ಮಲ್ಲೂ ಸರ್ಕಾರಿ ಶಾಲೆಯ ಬಗ್ಗೆ ವೇದಿಕೆಯಲ್ಲಿ ಮಾತಾಡುವ ಹಲವರ ಮಕ್ಕಳು ಬೆಳಿಗ್ಗೆ ಕಾನ್ವೆಂಟಿನ ವ್ಯಾನು ಹತ್ತುತ್ತಾರೆ. ಹಾಗಾಗಿ ‘ನನ್ನ ಮಗಳ ಕ್ಲಾಸಿಗೆ ಗಣಿತದ ಮೇಷ್ಟ್ರಿಲ್ಲ, ಅದಕ್ಕೇ ಸಮಿತಿಗೆ ನಿಲ್ತೀನಿ’ ಎನ್ನುವ ತಂದೆಯನ್ನು ಸ್ವಾರ್ಥಿ ಎಂದು ಹಳಿಯಬೇಕಿಲ್ಲ. ‘ಸಮಾಜಸೇವೆಗೆ’ ಎನ್ನುವವನ ಮಾತಿಗಿಂತ ಅವನ ಮಾತು ನೇರವಾಗಿದೆ.

ಆದರೆ ಈ ಮುದ್ದಿಗೆ ಒಂದು ಗಡಿ ಇದೆ. ಆ ಗಡಿಯಾಚೆಗೂ ನಮ್ಮಲ್ಲೊಂದು ಗಾದೆ ಉಂಟು: ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು. ಸಮಿತಿಗಳಲ್ಲಿ ಅಂಥ ಕ್ರೂರಿಗಳು ಅಪರೂಪ. ಅಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ: ಕಂಡವರ ಮಕ್ಕಳು ಕಾಣಿಸುವುದೇ ಇಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಈ ಕಾಣದಿರುವಿಕೆಯನ್ನು ತಮ್ಮ ಮೇಲೇ ಹಾಕಿಕೊಂಡು ಬರೆದಿದ್ದಾರೆ. ಕಡಲೆಕಾಯಿ ಬೆಳೆಯುತ್ತಿದ್ದ ಅವರು 1950ರ ದಶಕದಲ್ಲಿ ಜಾರ್ಜಿಯಾ ರಾಜ್ಯದ ಸಮ್ಟರ್ ಕೌಂಟಿಯ ಶಾಲಾ ಮಂಡಳಿಯ ಸದಸ್ಯರಾದರು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಸಲ್ಲದು ಎಂದು ಆ ದೇಶದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದ್ದರೂ ದಕ್ಷಿಣದ ಊರುಗಳಲ್ಲಿ ಹಳೆಯ ಪದ್ಧತಿಯೇ ನಡೆದಿತ್ತು. ಬಿಳಿಯರ ಮಕ್ಕಳು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದಾರೆ, ಕರಿಯರ ಮಕ್ಕಳು ನಡೆದೇ ಹೋಗುತ್ತಿದ್ದಾರೆ ಎಂಬುದು ಮಂಡಳಿಯಲ್ಲಿ ಕೂತು ತಿಂಗಳುಗಳೇ ಕಳೆದ ಮೇಲೆ ತಮಗೆ ಹೊಳೆಯಿತು ಎಂದು 1975ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಒಪ್ಪಿಕೊಂಡಿದ್ದಾರೆ. ಆ ಕಾಲದ ಬಿಳಿಯ ಜನಾಂಗವಾದಿ ಸಂಘಟನೆಗೆ ಸೇರಲು ಊರವರ ಒತ್ತಡವಿದ್ದರೂ ಒಪ್ಪದವರು ಅವರು. ಅಂಥವರ ಕಣ್ಣಿಗೂ ದಿನಾ ಬೆಳಿಗ್ಗೆ ಅದೇ ರಸ್ತೆಯಲ್ಲಿ ನಡೆಯುತ್ತಿದ್ದ ಮಕ್ಕಳು ಬೀಳಲಿಲ್ಲ. ಒಳ್ಳೆಯವರಾಗಿದ್ದ ಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲ, ಕುರ್ಚಿ ಸಿಕ್ಕಿದ ಮಾತ್ರಕ್ಕೂ ಕಾಣುವುದಿಲ್ಲ.

ನಮ್ಮ ಶಾಲೆಗಳಲ್ಲಿ ನಡೆದು ಬರುವವರು ಯಾರು? ಕಬ್ಬಿನ ಕಟಾವು ಶುರುವಾದೊಡನೆ ಅಪ್ಪ ಅಮ್ಮನ ಹಿಂದೆ ಗುಳೆ ಹೋಗಿ, ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದ ಹುಡುಗ. ಶೌಚಾಲಯಕ್ಕೆ ಬೀಗ ಬಿದ್ದಿದೆ ಎಂದು ತಿಂಗಳಲ್ಲಿ ಮೂರ್ನಾಲ್ಕು ದಿನ ಮನೆಯಲ್ಲೇ ಉಳಿಯುವ ಏಳನೇ ಕ್ಲಾಸಿನ ಹುಡುಗಿ. ಮೆಟ್ಟಿಲು ಹತ್ತಲಾಗದೆ ಬರುವುದನ್ನೇ ಬಿಟ್ಟ ಮಗು. ಇವರ ಹೆತ್ತವರು ಸಭೆಗೆ ಬರುವುದಿಲ್ಲ. ಅದಕ್ಕೆ ಉದಾಸೀನ ಎಂದು ಹೆಸರಿಡುತ್ತೇವೆ. ಸಭೆ ಇಟ್ಟಿರುವುದು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಬಂದರೆ ಆ ದಿನದ ಕೂಲಿ ಹೋಗುತ್ತದೆ. ಹೀಗೆ ಯಾರ ಮಗುವಿನ ಮಾತು ನಡಾವಳಿ ಪುಸ್ತಕಕ್ಕೆ ಏರಬೇಕು, ಯಾರದು ಏರಬಾರದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಸಭೆಯ ಹೊತ್ತು ತೀರ್ಮಾನಿಸಿಬಿಡುತ್ತದೆ.

ಅರ್ಧದಷ್ಟು ಮಹಿಳೆಯರಿರಬೇಕು ಎಂಬ ಮಾತಿಗೂ ಇದೇ ಗತಿ. ಪುಸ್ತಕದಲ್ಲಿ ಸಹಿ ಅವಳದು, ಸಭೆಯಲ್ಲಿ ಮಾತು ಗಂಡನದು. ಶೌಚಾಲಯದ ಬೀಗದ ವಿಷಯ ಆ ಗಂಡನಿಗೆ ತಿಳಿದೇ ಇರುವುದಿಲ್ಲ. ತಿಳಿದವಳು ಮನೆಯಲ್ಲಿದ್ದಾಳೆ.

ಇವೆಲ್ಲ ಕಾಣದಿರುವ ಕಷ್ಟಗಳು. ಕಂಡ ಮೇಲೆ ಎದುರಾಗುವ ಕಷ್ಟ ಇನ್ನೂ ದೊಡ್ಡದು. ದಲಿತ ಮಹಿಳೆ ಬಿಸಿಯೂಟ ಮಾಡಿದಳೆಂದು ಮಕ್ಕಳನ್ನು ಉಣ್ಣಲು ಬಿಡದ, ಶಾಲೆಯನ್ನೇ ಬಿಡಿಸಿದ ಪೋಷಕರ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಒಂದಲ್ಲ, ಹಲವು ಸಲ ಬಂದಿದೆ. ಆ ಪೋಷಕರೇ ಸಮಿತಿಯ ಮತದಾರರು. ಅವರ ಮನೆಯ ಅಂಗಳದಲ್ಲಿ ಕೂತು ಬೆಂಬಲ ಕೇಳಿದ ಸದಸ್ಯ ಈಗ ಯಾರ ಕಡೆ ನಿಲ್ಲಬೇಕು? ಆರಿಸಿದವರ ಮಾತು ನಡೆಸುವುದೇ ಪ್ರಜಾಪ್ರಭುತ್ವ ಎಂದು ಅವನು ವಾದಿಸಬಹುದು. ಆದರೆ ಯಾವ ಮಕ್ಕಳಿಗಾಗಿ ಸಮಿತಿ ಇದೆಯೋ ಅವರಿಗೆ ಇಲ್ಲಿ ಓಟೇ ಇಲ್ಲ. ಒಂದೇ ಸಾಲಿನಲ್ಲಿ ಕೂತು ಉಂಡು ಬೆಳೆಯುವ ಹಕ್ಕು ಆ ಎಲ್ಲ ಮಕ್ಕಳದು, ಎಬ್ಬಿಸಿಕೊಂಡು ಹೋದವರ ಮಕ್ಕಳದೂ ಹೌದು. ಓಟು ಹಾಕಿದವರ ಸಿಟ್ಟು ಕಟ್ಟಿಕೊಂಡು ಓಟಿಲ್ಲದವರ ಪರ ನಿಲ್ಲಬೇಕಾಗಿ ಬರುವ ಜಾಗ ಇದು. ಈ ಸಿಟ್ಟಿಗೆ ತಯಾರಿಲ್ಲದವರಿಗೆ ಸಮಿತಿ ಎಂದರೆ ಆಗಸ್ಟ್ ಹದಿನೈದರ ಬೆಳಿಗ್ಗೆ ಸಿಗುವ ಮುಂದಿನ ಸಾಲಿನ ಕುರ್ಚಿ, ಅಷ್ಟೇ.

ಸಮಿತಿಗೆ ನಿಲ್ಲುವವರು ತಮ್ಮ ಮಗುವಿನ ಕಾರಣಕ್ಕೇ ನಿಲ್ಲಲಿ, ತಪ್ಪಿಲ್ಲ. ಹೆಸರು ಕೊಡುವ ಮುನ್ನ ಒಂದು ಸಂಜೆ ಆ ಶಾಲೆಯ ವ್ಯಾಪ್ತಿಯ ಕೇರಿಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ, ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಸುತ್ತಿ ಬರಲಿ. ಈ ತಿಂಗಳು ಶಾಲೆಗೆ ಬಾರದ ಐದು ಮಕ್ಕಳ ಹೆಸರು, ಬಾರದಿದ್ದುದಕ್ಕೆ ಕಾರಣ ಇಷ್ಟನ್ನು ತಿಳಿದುಕೊಳ್ಳಲಿ. ಆಮೇಲೆ ಬೆಂಬಲ ಕೇಳಲು ಹೋದಾಗ ತಮ್ಮ ಹೆಸರಿಗಿಂತ ಮೊದಲು ಆ ಐದು ಹೆಸರು ಹೇಳಲಿ.