ಕಡಲು ಕಾಣದ ಹೊಳೆಯ ಮೀನು

ಅಮೆರಿಕದ ಒರೆಗಾನ್ ರಾಜ್ಯದ ಆಗ್ನೇಯ ಮೂಲೆ ಎಂದರೆ ಒಣನೆಲ. ವರ್ಷಕ್ಕೆ ಬೀಳುವ ಮಳೆ 25 ಸೆಂಟಿಮೀಟರ್ ಆಸುಪಾಸು. ಕಣ್ಣು ಹಾಯಿಸಿದಷ್ಟೂ ಬೂದುಬಣ್ಣದ ಸೇಜ್‌ಬ್ರಷ್ ಪೊದೆ, ಅಲ್ಲೊಂದು ಇಲ್ಲೊಂದು ಜುನಿಪರ್ ಮರ. ಈ ನೆಲವನ್ನು ಸೀಳಿಕೊಂಡು ಕಪ್ಪು ಬಸಾಲ್ಟ್ ಬಂಡೆಗಳ ನಡುವೆ ಇಳಿಯುತ್ತದೆ ಡಾನರ್ ಉಂಡ್ ಬ್ಲಿಟ್ಸನ್ ಹೊಳೆ. ಸ್ಟೀನ್ಸ್ ಬೆಟ್ಟದ ಹಿಮ ಕರಗಿ ಹುಟ್ಟಿದ ನೀರು ಬಯಲಿನ ಮಲ್‌ಹ್ಯೂರ್ ಸರೋವರ ಸೇರಿ ಆವಿಯಾಗಿ ಹೋಗುತ್ತದೆ, ಕಡಲು ಮುಟ್ಟುವುದಿಲ್ಲ.

ಅದರಲ್ಲಿ ಟ್ರೌಟ್ ಎಂಬ ಮೀನಿದೆ. ರೆಡ್‌ಬ್ಯಾಂಡ್ ಎಂಬ ಈ ತಳಿಯನ್ನು ಯಾರೂ ತಂದು ಬಿಟ್ಟದ್ದಲ್ಲ. ಹಿಮಯುಗದಲ್ಲಿ ಇಲ್ಲಿದ್ದ ದೊಡ್ಡ ಸರೋವರ ಕೋಡಿ ಬಿದ್ದು ಸ್ನೇಕ್ ನದಿಯತ್ತ ಹರಿಯುತ್ತಿತ್ತು. ನೆಲ ಒಣಗಿ ಆ ದಾರಿ ಮುಚ್ಚಿತು, ಮೀನು ಒಳಗೇ ಉಳಿಯಿತು.

ಅದನ್ನು ಕಾಣಲು ಫ್ಲೈ ಫಿಶಿಂಗ್‌ನವರು (ಹುಸಿಹುಳು ಕಟ್ಟಿ ಗಾಳ ಹಾಕುವವರು) ಹೋಗುವ ಬಗೆ ನೋಡಿ. ಉಗುರಿಗಿಂತ ಚಿಕ್ಕ ಗಾಳಕ್ಕೆ ನೂಲು ಸುತ್ತಿ, ಗರಿಯ ಎಳೆ ಕಟ್ಟಿ, ಮೇಲೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಒಂದಿಷ್ಟು ಕೂದಲನ್ನು ರೆಕ್ಕೆಯಾಗಿ ಹೊದಿಸಿರುತ್ತಾರೆ. ಕೂದಲೊಳಗಿನ ಗಾಳಿಯಿಂದ ಈ ಹುಸಿಹುಳು ತೇಲುತ್ತದೆ. ಅದಕ್ಕೆ ತೂಕವೆಂಬುದೇ ಇಲ್ಲ, ದೂರಕ್ಕೆ ಒಯ್ಯುವುದು ಹಿಂದಿನ ದಪ್ಪ ದಾರದ ಭಾರ. ಮೀನು ಹರಿವಿಗೆ ಮುಖ ಕೊಟ್ಟು ನಿಂತಿರುತ್ತದೆ, ಹಾಗಾಗಿ ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಬಾಗಿಕೊಂಡು ಬರಬೇಕು. ದಾರದ ಸೆಳೆತಕ್ಕೆ ಹುಳು ಚೂರು ಅಡ್ಡ ಸರಿದರೂ ಕೆಲಸ ಕೆಟ್ಟಿತು. ಯಾರೇ ಇದನ್ನು ಬೇಟೆಯೆಂದರೂ, ನನಗಂತೂ ‘ಇದ್ದೀಯಾ?’ ಎಂದು ಬಾಗಿಲು ತಟ್ಟಿದ ಹಾಗೆ ಕಾಣುತ್ತದೆ.

ಇದ್ದರೆ ನೀರು ಛಳಕ್ಕನೆ ಒಡೆಯುತ್ತದೆ. ಒದ್ದೆ ಮಾಡಿಕೊಂಡ ಅಂಗೈಯಲ್ಲಿ ಚುಕ್ಕೆ ಚುಕ್ಕೆಯ ಮೈ, ಪಕ್ಕೆಯುದ್ದಕ್ಕೂ ಇಟ್ಟಿಗೆಗೆಂಪಿನ ಪಟ್ಟಿ.

ಸಾಮಾನ್ಯವಾಗಿ ಟ್ರೌಟ್‌ಗೆ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಕಟ. ಟ್ರೌಟ್‌ಗಳ ಅಧ್ಯಯನಕ್ಕೇ ಬದುಕು ಮುಡಿಪಿಟ್ಟ ಜೀವವಿಜ್ಞಾನಿ ರಾಬರ್ಟ್ ಬೆಹ್ನ್ಕೆ, ನೆವಾಡಾದ ಒಂದು ಒಣಸೀಮೆಯ ಹಳ್ಳದಲ್ಲಿ, ಸುಮಾರು 28 ಡಿಗ್ರಿ ನೀರಿನಲ್ಲಿ, ರೆಡ್‌ಬ್ಯಾಂಡ್ ಹುಳುವಿಗೆ ಎಗರುವುದನ್ನು ಕಂಡರು. ಮೀನು ತಿನ್ನುತ್ತಿತ್ತು, ಜಗ್ಗಾಡುತ್ತಿತ್ತು. ತಾನಿರುವುದು ಮರುಭೂಮಿಯಲ್ಲಿ ಎಂಬುದು ಅದಕ್ಕೇನು ಗೊತ್ತು? ಬೆರಗೆಲ್ಲ ದಡದ ಮೇಲಿನವರದು.

ಆ ಬೆರಗಿನ ಬೆಲೆ ತೆರುವುದು ಮಾತ್ರ ಮೀನು. ನೀರು ಬಿಸಿಯಾದಷ್ಟೂ ಅದರಲ್ಲಿನ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟರೂ ದಣಿದ ಮೀನು ಸಾಯಬಹುದು. 2000ದಲ್ಲಿ ಅಮೆರಿಕದ ಸಂಸತ್ತು ಬ್ಲಿಟ್ಸನ್ ಹೊಳೆಯಲ್ಲಿ ರೆಡ್‌ಬ್ಯಾಂಡ್‌ಗೆಂದೇ ಒಂದು ಮೀಸಲು ಪ್ರದೇಶ ಗುರುತಿಸಿತು, ಒಳ್ಳೆಯದೇ. ಆದರೆ ಬೇಸಿಗೆಯ ಮಧ್ಯಾಹ್ನ ಅಲ್ಲಿ ಕಾಯುವವರು ಯಾರು? ತಿಳಿದವರು ಕೊಕ್ಕೆಮುಳ್ಳಿಲ್ಲದ ಗಾಳದ ಜೊತೆ ಜೇಬಿನಲ್ಲೊಂದು ಥರ್ಮಾಮೀಟರ್ ಇಟ್ಟುಕೊಂಡಿರುತ್ತಾರೆ. 28 ಡಿಗ್ರಿಯನ್ನೂ ತಾಳಿಕೊಂಡೀತು ಎಂದು ಗೊತ್ತಿದ್ದೂ, 20 ದಾಟುತ್ತಿದ್ದಂತೆ ಗಾಳ ಎತ್ತಿಡುವವರ ಮೇಲೆ ನನಗೆ ಹೆಚ್ಚು ಗೌರವ.