ಸುಳ್ಳುನೋವು

ಚೊಚ್ಚಲ ಬಸುರಿಯನ್ನು ಹೆರಿಗೆ ಆಸ್ಪತ್ರೆಯವರು ಪರೀಕ್ಷಿಸಿ ಮನೆಗೆ ಹಿಂದಿರುಗಿಸಿದರೆ ನಮ್ಮ ಮಾಟುಂಗದ ಮನೆಗಳಲ್ಲಿ ಒಂದು ಸಣ್ಣ ನಗು ಏಳುವುದುಂಟು. ಬಟ್ಟೆಬರೆಯ ಚೀಲದೊಡನೆ ಟ್ಯಾಕ್ಸಿ ಹತ್ತಿ ಹೋದವರು ಮೂರು ತಾಸಿನಲ್ಲಿ ಅದೇ ಚೀಲದೊಡನೆ ಮೆಟ್ಟಿಲೇರಿ ಬಂದರೆ ಎದುರುಮನೆಯ ಬಾಗಿಲು ತೆರೆಯುತ್ತದೆ. ಏನಾಯಿತು? ಏನೂ ಇಲ್ಲ, ಸುಳ್ಳುನೋವಂತೆ. ಮಾತು ಹುಡುಗಿಯ ಕಿವಿಗೂ ಬೀಳುತ್ತದೆ. ಇನ್ನು ಹತ್ತು ನಿಮಿಷಕ್ಕೆ ಹೊಟ್ಟೆ ಮತ್ತೆ ಕಲ್ಲಿನಂತೆ ಬಿಗಿದು ಸೊಂಟ ಹಿಡಿದರೂ ಹೇಳಿಕೊಳ್ಳಲು ಅವಳಿಗೆ ಸಂಕೋಚ. ಸುಳ್ಳೆಂದು ಬಲ್ಲವರೇ ಹೇಳಿಯಾಗಿದೆಯಲ್ಲ! ಮರಾಠಿಯಲ್ಲೂ ಇದಕ್ಕೆ 'ಖೋಟ್ಯಾ ಕಳಾ' ಎಂದೇ ಹೆಸರು. ಭಾಷೆ ಬದಲಾದರೂ ತೀರ್ಪು ಬದಲಾಗಿಲ್ಲ.

ನೋವು ಸುಳ್ಳಾಗುವುದಾದರೂ ಹೇಗೆ? ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಬೆದರಿದವನ ದೃಷ್ಟಾಂತವನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿದ್ದೇವೆ. ಅಲ್ಲಿ ಕಂಡದ್ದು ಹಾವು, ಇರುವುದು ಹಗ್ಗ. ದೀಪ ತಂದರೆ ಹಾವು ಹೋಗುತ್ತದೆ. ನೋವಿನಲ್ಲಿ ಹಾಗಲ್ಲ. ತೋರುವುದೊಂದು, ಇರುವುದೊಂದು ಎಂಬ ಎರಡು ಅಲ್ಲಿಲ್ಲ. ನೋಯುತ್ತಿದೆ ಎನ್ನಿಸಿದರೆ ನೋಯುತ್ತಲೇ ಇದೆ. ಯಾವ ದೀಪ ತಂದರೂ ಅದು ಹಗ್ಗವಾಗುವುದಿಲ್ಲ. ಸುಳ್ಳಾಗಬಹುದಾದದ್ದು ನೋವಲ್ಲ, 'ಇನ್ನೇನು ಕೂಸು ಬಂತು' ಎಂಬ ನಮ್ಮ ಊಹೆ. ನಮ್ಮ ಊಹೆಯ ಸುಳ್ಳನ್ನು ಅವಳ ಮೈಗೆ ಅಂಟಿಸುವುದು ಯಾವ ನ್ಯಾಯ?

ವೈದ್ಯಶಾಸ್ತ್ರಕ್ಕೆ ಈ ವಿಂಗಡಣೆ ಬೇಕಾಗಿದೆ, ನಿಜ. ಬಸುರಿನ ದಿನಗಳಲ್ಲಿ ಗರ್ಭಕೋಶ ಆಗಾಗ ಬಿಗಿದು ಸಡಿಲಗೊಳ್ಳುವುದನ್ನು 1872ರಲ್ಲಿ ಇಂಗ್ಲೆಂಡಿನ ವೈದ್ಯ ಬ್ರಾಕ್ಸ್‌ಟನ್ ಹಿಕ್ಸ್ ವಿವರಿಸಿದ. ಆ ಬಿಗಿತಕ್ಕೆ ಇಂದಿಗೂ ಅವನದೇ ಹೆಸರು. ಅದರಿಂದ ಗರ್ಭಕೋಶದ ಬಾಯಿ ತೆರೆಯುವುದಿಲ್ಲ, ಹೆರಿಗೆಯ ಬೇನೆಯಿಂದ ತೆರೆಯುತ್ತದೆ. ಆದರೆ ಚೊಚ್ಚಲಿನಲ್ಲಿ ಬಾಯಿ ತೆರೆಯುವ ಮುನ್ನ ಇನ್ನೊಂದು ಕೆಲಸವಿದೆ. ಗಟ್ಟಿಯಾಗಿ ನೀಳವಾಗಿರುವ ಗರ್ಭಕಂಠ ಮೆತ್ತಗಾಗಿ, ಮೋಟಾಗಿ, ಕಾಗದದಂತೆ ತೆಳುವಾಗಬೇಕು. ನೋವು ಬಂದು ಹೋಗಿ, ಬಂದು ಹೋಗಿ, ಗಂಟೆಗಟ್ಟಲೆ, ಕೆಲವರಲ್ಲಿ ಒಂದು ದಿನವನ್ನೂ ಮೀರಿ ಮಾಡುವ ಕೆಲಸ ಇದು. ಅಮೆರಿಕದ ಇಮ್ಯಾನುಯೆಲ್ ಫ್ರೀಡ್‌ಮನ್ 1955ರಲ್ಲಿ 500 ಚೊಚ್ಚಲ ಹೆರಿಗೆಗಳನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆದು ತೋರಿಸಿದಾಗ ಈ ಮೊದಲ ಭಾಗ ಬಹುಮಟ್ಟಿಗೆ ಚಪ್ಪಟೆಯಾಗಿಯೇ ಕಂಡಿತು. ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬುದಷ್ಟೇ ಲೆಕ್ಕವಾದರೆ ಇನ್ನೇನು ಕಂಡೀತು? ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗದರ್ಶಿ ಸೂತ್ರಗಳ ಪ್ರಕಾರ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆಯ ಚುರುಕು ಹಂತ. ಅದಕ್ಕೆ ಮುಂಚಿನ ಹಂತಕ್ಕೆ ಇಷ್ಟೇ ಹೊತ್ತೆಂಬ ಕಟ್ಟಿಲ್ಲ, ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಗೆ ಎಂದು ಅದೇ ಸಂಸ್ಥೆ ಹೇಳಿದೆ.

ಇದರಲ್ಲಿ ವಿಚಿತ್ರವೊಂದಿದೆ. ಈಗ ಬಂದ ನೋವು ಬರಿಯ ಬಿಗಿತವೋ ಹೆರಿಗೆಯ ಆರಂಭವೋ ಎಂದು ಎಷ್ಟೋ ಸಲ ಆ ಹೊತ್ತಿನಲ್ಲಿ ಯಾರಿಂದಲೂ ಹೇಳಲಾಗದು. ನಿಂತುಹೋದರೆ ಸುಳ್ಳಾಗಿತ್ತು, ಮುಂದುವರಿದರೆ ನಿಜವಾಗಿತ್ತು. ಸೋಮವಾರದ ನೋವಿಗೆ ಬುಧವಾರ ನಾಮಕರಣ ಮಾಡಿದಂತೆ!

ಹಾಗೆಂದು ಹಿಂದಿರುಗಿಸಿದ ವೈದ್ಯರನ್ನು ನಾವು ದೂರುವುದಿಲ್ಲ. ತೀರ ಮುಂಚಿತವಾಗಿ ದಾಖಲಾದವರಲ್ಲಿ ನೋವೇರಿಸುವ ಔಷಧವೂ ಸಿಸೇರಿಯನ್ನೂ ಹೆಚ್ಚೆಂದು ಅಧ್ಯಯನಗಳು ಕಂಡಿವೆ. ಮನೆಯಲ್ಲಿ ಅಡ್ಡಾಡಿ, ಉಂಡು, ಸಾಧ್ಯವಾದರೆ ಒಂದು ನಿದ್ದೆ ತೆಗೆದು ಕಾಯುವುದೇ ಲೇಸು. ಆದರೆ ನೀರು ಒಡೆದರೆ, ರಕ್ತ ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ದಿನ ತುಂಬುವ ಮೊದಲೇ ನೋವು ಬಂದರೆ ಆ ಕ್ಷಣವೇ ಹೊರಡಬೇಕು. ಒಮ್ಮೆ ನಗೆಗೀಡಾದವಳು ಈ ಎರಡನೆಯ ಸಲವೇ ತಡಮಾಡುವವಳು. ಹಿಂದಕ್ಕೆ ಕಳಿಸಿದ್ದು ಸರಿ. ಜೊತೆಗೆ ಕಟ್ಟಿಕೊಟ್ಟ ಮಾತು ಸರಿಯಲ್ಲ.

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಲ್ಲಿ ಈ ಮಾತಿನ ಭಾರ ಇನ್ನಷ್ಟು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ರೂಢಿ. ಕೊಂಕಣ ರೈಲುದಾರಿ 1998ರಲ್ಲಿ ಪೂರ್ತಿಯಾಗುವ ಮುನ್ನ ಕರಾವಳಿಯ ಹುಡುಗಿಯರು ಸೀಮಂತ ಮುಗಿಸಿಕೊಂಡು ಹಗಲು ರಾತ್ರಿ ಬಸ್ಸಿನಲ್ಲಿ ಕುಲುಕುತ್ತ ಊರು ಸೇರುತ್ತಿದ್ದರು. ಅಲ್ಲಿ ಏಳೆಂಟು ಹೆತ್ತ ಅಜ್ಜಿಯೊಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವಳು. ಈಗ ನೌಕರಿಯ ದೆಸೆಯಿಂದಲೋ ಪರಿಚಯದ ವೈದ್ಯರೆಂದೋ ಅನೇಕರು ಇಲ್ಲಿಯೇ ನಿಲ್ಲುತ್ತಾರೆ. ತಾಯಿ ರೈಲು ಹಿಡಿದು ಬರುವ ಮೊದಲೇ ನೋವು ಬಂದರೆ ಎರಡು ಕೋಣೆಯ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ. ಧಾರವಾಡದವಳ 'ಬ್ಯಾನಿ', ಮಂಗಳೂರಿನವಳ 'ಬೇನೆ', ಮೈಸೂರಿನವಳ 'ನೋವು' ಎಲ್ಲವನ್ನೂ ದೂರದ ತಾಯಂದಿರು ಫೋನಿನಲ್ಲೇ ತೂಗಿ ನೋಡಬೇಕು. ಗಂಡ ಗಡಿಯಾರ ಹಿಡಿದು ಎಷ್ಟು ನಿಮಿಷಕ್ಕೊಮ್ಮೆ ಎಂದು ಚೀಟಿಯಲ್ಲಿ ಬರೆಯುತ್ತಾನೆ. ಬ್ಯಾಂಕಿನವನಾದರೆ ಕಾಲಂ ಹಾಕಿಯೇ ಬರೆಯುತ್ತಾನೆ. ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ ಹುಟ್ಟಿದ್ದು 1926ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಓರಗೆಯದು, ದೂರವೇನೂ ಅಲ್ಲ. ಆದರೆ ಜುಲೈ ತಿಂಗಳ ರಾತ್ರಿ ಕಿಂಗ್ಸ್ ಸರ್ಕಲ್ಲಿನಲ್ಲೂ ಹಿಂದ್‌ಮಾತಾದಲ್ಲೂ ಮೊಣಕಾಲುದ್ದ ನೀರು ನಿಂತಾಗ ಈಗಲೇ ಹೊರಡುವುದೋ ಬೆಳಗಿನವರೆಗೆ ಕಾಯುವುದೋ ಎಂದು ತೀರ್ಮಾನಿಸಲು ಆ ಮನೆಯಲ್ಲಿರುವ ಸಾಕ್ಷಿ ಒಂದೇ, ಅವಳ ಮಾತು. ಆ ಸಾಕ್ಷಿಯನ್ನೇ ನಾವು ಮೊದಲು ಸುಳ್ಳೆಂದು ತಳ್ಳಿದ್ದೇವೆ.

ಹೆರದವಳಿಗೆ ಹೆರುವ ನೋವು ತಿಳಿಯದೆಂಬ ಹೋಲಿಕೆಯನ್ನು ಅಕ್ಕಮಹಾದೇವಿ ವಚನವೊಂದರಲ್ಲಿ ತಂದಿದ್ದಾಳೆ. ಅದು ಗಾದೆಯಷ್ಟೇ ನಮ್ಮ ಬಾಯಲ್ಲಿದೆ. ಆದರೆ ಅಕ್ಕ ತಾನೇ ಹೆತ್ತಳೆಂದು ನಾವು ಕೇಳಿದ ಯಾವ ಕಥೆಯೂ ಹೇಳುವುದಿಲ್ಲ. ತನಗೆ ತಿಳಿಯದೆಂದು ಬಲ್ಲಳು, ತಿಳಿಯದ್ದನ್ನು ಇಲ್ಲವೆನ್ನಲಿಲ್ಲ. 2016ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದಿತು. ಆಕೆ ಹೆತ್ತು ಅನುಭವವಿದ್ದ ಬಂಧುವಾದರೆ ಮೇಲು, ಮರೆಯ ಏರ್ಪಾಡಿರುವ ಕಡೆ ಗಂಡನೂ ಆಗಬಹುದು ಎಂದು ನಿಯಮ. ಒಳ್ಳೆಯ ನಿಯಮವೇ. ಆದರೆ ಹೆತ್ತವಳೆಂದ ಮಾತ್ರಕ್ಕೆ ಇನ್ನೊಬ್ಬಳ ನೋವು ತಿಳಿದೀತೆಂದು ನಾವು ಒಪ್ಪುವುದಿಲ್ಲ. 'ನಾವೇನು ಹೆತ್ತಿಲ್ಲವೇ, ಇಷ್ಟಕ್ಕೇ ಹೀಗಾದರೆ ಮುಂದೆ?' ಎಂದು ಬಾಯಿ ಮುಚ್ಚಿಸುವವರು ಹೆತ್ತವರೇ. ತಮ್ಮ ನೆನಪಿನ ನೋವನ್ನೇ ಸೇರು ಪಾವು ಮಾಡಿಕೊಂಡು ಅವಳದನ್ನು ಅಳೆಯುತ್ತಾರೆ. ಏನೂ ತಿಳಿಯದ ಗಂಡ ಬೆನ್ನು ನೀವುತ್ತ ಕುಳಿತರೆ ಅದೇ ಎಷ್ಟೋ ಮೇಲು.

ಸೂಲಗಿತ್ತಿಯರ ಕಾಲ ಹಿಂದಿರುಗಲಿ ಎಂದು ನಾವು ಹೇಳಲಾರೆವು. ತಾಯಂದಿರೂ ಕೂಸುಗಳೂ ಅನ್ಯಾಯವಾಗಿ ಸತ್ತ ಕಾಲವದು. ಆದರೂ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ ಪಾವಗಡದ ಸೂಲಗಿತ್ತಿ ನರಸಮ್ಮನಂಥವರ ಕೆಲಸದಲ್ಲಿ ಹೆಚ್ಚಿನ ಪಾಲು ಬರಿದೆ ಜೊತೆಗೆ ಕುಳಿತಿರುವುದೇ ಇದ್ದೀತು. ಅಂಥವರಿಗೆ 5 ಸೆಂಟಿಮೀಟರಿನ ಹೊಸ್ತಿಲಿರಲಿಲ್ಲ.

ಹಾಗಾದರೆ ಆ ನೋವಿಗೆ ಏನೆನ್ನಬೇಕು ಎಂದು ಕೇಳುವವರುಂಟು. ಮುಂಬೆಳಗು, ಮುಂಗಾರು ಇರುವ ಭಾಷೆಯಲ್ಲಿ 'ಮುಂಬೇನೆ' ಎಂದರೆ ಯಾರಿಗೆ ಅರ್ಥವಾಗದು? ಜೂನ್ ಮೊದಲ ವಾರದಲ್ಲಿ ನಾಲ್ಕು ಹನಿ ಉದುರಿಸಿ ಮತ್ತೆ ಎಂಟು ದಿನ ಮರೆಯಾದ ಮಳೆಯನ್ನು ಈ ಊರಿನಲ್ಲಿ ಯಾರೂ ಸುಳ್ಳುಮಳೆ ಎನ್ನುವುದಿಲ್ಲ. ಅಟ್ಟದ ಮೇಲಿನ ಕೊಡೆ ಇಳಿಸಿ ಬಾಗಿಲ ಹಿಂದೆ ಇಡುತ್ತಾರೆ.